ಟವರ್ ಪಕ್ಕದ ಬಾಣಂತಿ ಕೋಣೆ

ಜೂನ್ ತಿಂಗಳ ಒಂದು ರವಿವಾರ ಬೆಳಗ್ಗೆ ಗೋಕಾಕದಿಂದ ಅವ್ವ ಫೋನ್ ಮಾಡಿದ್ದಳು. ಊಟ ಆಯ್ತಾ, ಮಳೆ ಬಂತಾ ಅನ್ನೋ ಮಾಮೂಲಿ ಮಾತು ಯಾವುದೂ ಇಲ್ಲ. ನೇರವಾಗಿ, "ತಮ್ಮಾ, ನಲವತ್ತೆರಡ ಸಾವಿರ ರೂಪಾಯಿ ಅಕೌಂಟಿಗೆ ಹಾಕ್ತೀಯೇನ?" ಅಂದಳು.

ನನ್ನ ಅವ್ವ ದುಡ್ಡು ಕೇಳೋಳಲ್ಲ. ಕೊಟ್ಟರೂ "ನಿನಗ ಬೇಕಾಗ್ತಾವ, ಇಟಗೋ" ಅಂತ ವಾಪಸ್ ಕೊಡೋಳು. ಹಾಗಾಗಿ ನನಗೆ ಎದೆ ಧಸಕ್ ಅಂತು. ಅಪ್ಪನಿಗೆ ಏನಾದ್ರೂ ಆಯ್ತಾ ಅಂತ ಕೇಳಿದೆ.

"ಅಪ್ಪ ಗಟ್ಟ್ಯದಾರ. ಅಕ್ಕನ ಕೋಲಿಗೆ ಪೇಂಟ್ ಹಚ್ಚಸ್ಬೇಕು. ಟವರಿನ ಕಿರಣ ಒಳಗ ಬರಬಾರ್ದು ಅಂತ."

ವಿಷಯ ಇಷ್ಟು. ನಮ್ಮ ಮನೆಯ ಹಿಂದೆ, ಸುಮಾರು ಐವತ್ತು ಮೀಟರ್ ದೂರದ ಒಂದು ಮಾಳಿಗೆಯ ಮೇಲೆ ಹೋದ ವರ್ಷ ಮೊಬೈಲ್ ಟವರ್ ಬಂದಿತ್ತು. ಹುಕ್ಕೇರಿಗೆ ಕೊಟ್ಟಿರೋ ನನ್ನ ಅಕ್ಕನಿಗೆ ಆಗ ಏಳು ತಿಂಗಳು. ಚೊಚ್ಚಲ ಹೆರಿಗೆ, ತವರುಮನೆಯಲ್ಲೇ ಬಾಣಂತನ. ಹಿತ್ತಲ ಕಡೆಯ ಕೋಣೆಯನ್ನು ಅವಳಿಗೆ ಅಂತ ಸಜ್ಜು ಮಾಡಿದ್ದರು. ಅದರ ಕಿಟಕಿ ತೆಗೆದರೆ ಎದುರಿಗೇ ಟವರ್. ಅಷ್ಟರಲ್ಲಿ ಯಾರೋ ಒಬ್ಬ ಮಾರಾಟದವನು ಮನೆಗೆ ಬಂದಿದ್ದ. ಎರಡು ಗೋಡೆಗೆ ವಿಶೇಷ ಕಪ್ಪು ಪೇಂಟು, ಮೇಲೆ ಫಾಯಿಲ್, ಕಿಟಕಿಗೆ ಲೋಹದ ದಾರ ನೇಯ್ದ ಪರದೆ, ಎಲ್ಲಾ ಸೇರಿ ನಲವತ್ತೆರಡು ಸಾವಿರ. ಜೊತೆಗೆ ಮನೆಮಂದಿಯ ಫೋನುಗಳಿಗೆಲ್ಲ ತಲಾ ಐನೂರರ ಸ್ಟಿಕ್ಕರ್.

"ಮಶೀನ್ ತಂದಿದ್ದ ನೋಡು. ಕಿಟಕಿ ಕಡೆ ಹಿಡದ್ರ ಕುಂಯ್ ಅಂತ ಒದರ್ತಿತ್ತು. ಆ ಪರದಿ ಅಡ್ಡ ಹಿಡದ ಮ್ಯಾಲ ಸುಮ್ಮನಾತು. ನಾ ಕಣ್ಣಾರೆ ನೋಡೇನಿ," ಅಂದಳು ಅವ್ವ.

ನಾನು ಬೆಳಗಾವಿಯಲ್ಲಿ ಎಲೆಕ್ಟ್ರಾನಿಕ್ಸ್ ಓದಿದವನು. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೀತೀನಿ. ಮ್ಯಾಕ್ಸ್‌ವೆಲ್ ಸಮೀಕರಣಗಳ ಪೇಪರ್‌ನಲ್ಲಿ ಪಾಸಾಗಿದ್ದೇ ದೊಡ್ಡದು, ಸುಳ್ಳು ಯಾಕೆ ಹೇಳಲಿ. ಆದರೂ "ಇದೆಲ್ಲಾ ಮೋಸ, ಬಿಡವ್ವಾ" ಅಂತ ಫೋನಿನಲ್ಲೇ ಮಾತು ಮುಗಿಸೋಕೆ ಮನಸ್ಸು ಒಪ್ಪಲಿಲ್ಲ. ಯಾಕಂದ್ರೆ ಅವ್ವ ನೋಡಿದ್ದು ಸುಳ್ಳಲ್ಲ. ಲೋಹದ ಪರದೆ ಅಲೆಯನ್ನು ತಡೆಯೋದು ನಿಜ. ಎರಡು ದಿನ ರಜೆ ಹಾಕಿ ರಾತ್ರಿ ಬಸ್ ಹತ್ತಿದೆ.

ಯಾವುದು ತಡೆಯುತ್ತೆ, ಯಾವುದು ಬಿಡುತ್ತೆ

ಮೊದಲ ದಿನ ಅಡುಗೆಮನೆಯೇ ನನ್ನ ಪ್ರಯೋಗಶಾಲೆ. ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ನನ್ನ ಫೋನನ್ನು ಒಂದೊಂದರಲ್ಲಿ ಇಡೋದು, ಅವಳ ಫೋನಿನಿಂದ ರಿಂಗ್ ಕೊಡೋದು.

ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ರಿಂಗ್ ಆಯ್ತು. ಮಣ್ಣಿನ ಗಡಿಗೆಯಲ್ಲೂ ಆಯ್ತು. ಎರಡು ಒಣ ಕುಳ್ಳಿನ ನಡುವೆ ಇಟ್ಟೆ, ಅಲ್ಲೂ ಆಯ್ತು. (ಸಗಣಿಯ ಚಿಪ್ ಫೋನಿನ ವಿಕಿರಣ ತಗ್ಗಿಸುತ್ತೆ ಅಂತ 2020ರ ಅಕ್ಟೋಬರ್‌ನಲ್ಲಿ ದಿಲ್ಲಿಯಲ್ಲಿ ಘೋಷಣೆ ಆಗಿತ್ತು, ನೆನಪಿರಬಹುದು. ಆಗ ನೂರಾರು ವಿಜ್ಞಾನಿಗಳು ಪುರಾವೆ ಕೊಡಿ ಅಂತ ಕೇಳಿದ್ದರು.) ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದೆ, ಈಗ ನಿಲ್ಲುತ್ತೆ ಅಂದುಕೊಂಡೆ. ಅಲ್ಲೂ ರಿಂಗ್ ಆಯ್ತು! ಅವ್ವ ನಕ್ಕಳು. ಕಾರಣ ಮುಚ್ಚಳದ ಸುತ್ತಲಿನ ಸಂದು. ಕೊನೆಗೆ ಚಪಾತಿ ಸುತ್ತೋ ಅಲ್ಯೂಮಿನಿಯಂ ಫಾಯಿಲನ್ನು ಒಂದೇ ಪದರ, ಸಂದಿಲ್ಲದಂತೆ ಮಡಚಿ ಸುತ್ತಿದೆ. "ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ."

ಕೂದಲಿಗಿಂತ ತೆಳ್ಳಗಿನ ಹಾಳೆ ಮಾಡಿದ್ದನ್ನು ಸ್ಟೀಲ್ ಡಬ್ಬಿ ಮಾಡಲಿಲ್ಲ. ಈ ವಿಷಯದ ಅರ್ಧ ಪಾಠ ಇದರಲ್ಲೇ ಇದೆ. ಮೈಕ್ರೋವೇವ್ ಅಲೆ ಲೋಹಕ್ಕೆ ಬಡಿದಾಗ ಅದರಲ್ಲಿರೋ ಎಲೆಕ್ಟ್ರಾನುಗಳು ಅಲುಗಾಡಿ ಅಲೆಯನ್ನು ವಾಪಸ್ ತಳ್ಳುತ್ತವೆ. ಅಲ್ಯೂಮಿನಿಯಂ ಒಳಗೆ ಅಲೆ ಇಳಿಯೋದು ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಭಾಗದಷ್ಟು ಮಾತ್ರ. ಹಾಗಾಗಿ ದಪ್ಪ ಮುಖ್ಯ ಅಲ್ಲ, ಸಂದು ಮುಖ್ಯ. ಮಳೆ ತಡೆಯೋಕೆ ಮಾಳಿಗೆ ಎಷ್ಟು ದಪ್ಪ ಇದ್ರೇನು, ಬಿರುಕು ಇದ್ದಲ್ಲಿ ಸೋರೇ ಸೋರುತ್ತೆ.

ಹಾಗಂತ ಎಲ್ಲ ತೂತೂ ಸೋರೋದಿಲ್ಲ. ಅಲೆಯ ಉದ್ದಕ್ಕಿಂತ ತೂತು ತುಂಬಾ ಚಿಕ್ಕದಿದ್ರೆ ಅಲೆ ದಾಟಲ್ಲ. ಮೈಕ್ರೋವೇವ್ ಒಲೆಯ ಬಾಗಿಲಿನ ಗಾಜಿನಲ್ಲಿ ಸಣ್ಣ ತೂತಿನ ಲೋಹದ ಜಾಲರಿ ನೋಡಿರ್ತೀರಿ. ಒಲೆಯ ಅಲೆ 2.45 ಗಿಗಾಹರ್ಟ್ಸ್, ಅಂದ್ರೆ ಸುಮಾರು 12 ಸೆಂಟಿಮೀಟರ್ ಉದ್ದ. ತೂತು ಒಂದೆರಡು ಮಿಲಿಮೀಟರ್. ಬೆಳಕಿನ ಅಲೆ ಅದಕ್ಕಿಂತ ಎಷ್ಟೋ ಸಣ್ಣದು, ಅದು ಹೊರಗೆ ಬರುತ್ತೆ, ಅಡುಗೆ ಕಾಣುತ್ತೆ. ಶಾಖ ಕೊಡೋ ಅಲೆ ಒಳಗೇ ಉಳಿಯುತ್ತೆ. ನಿಜಕ್ಕೂ ಸುಡೋ ಶಕ್ತಿಯ ಮೈಕ್ರೋವೇವ್ ನಮ್ಮ ಮನೆಗಳಲ್ಲಿ ಇರೋದು ಅದೊಂದರಲ್ಲೇ, ಏಳೆಂಟುನೂರು ವ್ಯಾಟ್. ಬಾಗಿಲು ಸೊಟ್ಟಗಾದ, ಸರಿಯಾಗಿ ಕೂಡದ ಒಲೆಯನ್ನು ಮಾತ್ರ ದಯವಿಟ್ಟು ಬಳಸಬೇಡಿ.

ಲೋಹ ಅಲೆಯನ್ನು ವಾಪಸ್ ಕಳಿಸಿದರೆ ಇನ್ನು ಕೆಲವು ವಸ್ತುಗಳು ನುಂಗುತ್ತವೆ. ನೀರು, ಇಂಗಾಲ, ಫೆರೈಟ್ ಈ ಜಾತಿಯವು. ಕಪ್ಪು ಪೇಂಟಿನಲ್ಲಿ ಇರೋದು ಸಾಮಾನ್ಯವಾಗಿ ಇಂಗಾಲದ ಪುಡಿಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಸೂರ್ಯಸಾರಥಿ ಬೋಸ್ ಅವರ ತಂಡ ಪ್ಲಾಸ್ಟಿಕ್ಕಿನಲ್ಲಿ ಇಂಗಾಲದ ನ್ಯಾನೊ ನಳಿಕೆಗಳಂಥವನ್ನು ಬೆರೆಸಿ ಹಗುರವಾದ ತಡೆವಸ್ತುಗಳನ್ನು ಮಾಡುತ್ತಿದೆ. ಮ್ಯಾಕ್ಸೀನ್ ಅನ್ನೋ ಹೊಸ ವಸ್ತುವಿನ 45 ಮೈಕ್ರೋಮೀಟರ್ ಹಾಳೆ ಅಲೆಯನ್ನು 92 ಡೆಸಿಬೆಲ್ ತಗ್ಗಿಸುತ್ತೆ ಅಂತ 2016ರಲ್ಲಿ ವಿಜ್ಞಾನಿಗಳು ತೋರಿಸಿದರು. ಹತ್ತು ಡೆಸಿಬೆಲ್ ಅಂದ್ರೆ ಹತ್ತರಲ್ಲಿ ಒಂದು ಪಾಲು, ಇಪ್ಪತ್ತು ಅಂದ್ರೆ ನೂರರಲ್ಲಿ ಒಂದು. ತೊಂಬತ್ತು ಅಂದ್ರೆ ನೂರು ಕೋಟಿಯಲ್ಲಿ ಒಂದು.

ಇನ್ನೊಬ್ಬ ಬೋಸ್ ಅವರನ್ನೂ ಇಲ್ಲಿ ನೆನೆಯಬೇಕು. ಜಗದೀಶಚಂದ್ರ ಬೋಸ್ 1890ರ ದಶಕದಲ್ಲೇ ಕೋಲ್ಕತ್ತಾದಲ್ಲಿ ಬರೀ ಐದಾರು ಮಿಲಿಮೀಟರ್ ಉದ್ದದ ಅಲೆಗಳನ್ನು ಹುಟ್ಟಿಸಿ ಆಡಿಸಿದವರು. ರೈಲ್ವೆ ವೇಳಾಪಟ್ಟಿಯ ಪುಸ್ತಕದ ಹಾಳೆಗಳ ನಡುವೆ ತವರದ ಹಾಳೆ ಸೇರಿಸಿ, ಒಂದು ದಿಕ್ಕಿಗೆ ಹಿಡಿದರೆ ಅಲೆ ದಾಟುವಂತೆ, ತಿರುಗಿಸಿ ಹಿಡಿದರೆ ನಿಲ್ಲುವಂತೆ ಮಾಡಿದ್ದರು. ಮನೆಯ ಸಾಮಾನಿನಲ್ಲಿ ಪ್ರಯೋಗ ಮಾಡೋಕೆ ನನಗೆ ನಾಚಿಕೆ ಆಗಲಿಲ್ಲ, ಬಿಡಿ.

ಮೂರು ಊರು, ಮೂರು ಮನೆ

ವಸ್ತುಗಳ ಕಥೆ ಆಯ್ತು. ಈಗ ಮನೆಗಳ ಕಥೆ. ಫೋನಿನ ಸೆಟ್ಟಿಂಗ್ಸ್ ಒಳಗೆ ಹುಡುಕಿದರೆ ಸಿಗ್ನಲ್ ಬಲ ಡಿಬಿಎಂ ಅನ್ನೋ ಅಳತೆಯಲ್ಲಿ ಸಿಗುತ್ತೆ. ಮೈನಸ್ ಅರವತ್ತು ಅಂದ್ರೆ ಜೋರು, ಮೈನಸ್ ನೂರಹತ್ತು ಅಂದ್ರೆ ಕುಟುಕು ಜೀವ. ಇದು ವಿಕಿರಣ ಅಳೆಯೋ ಉಪಕರಣ ಅಲ್ಲ, ಒಂದು ಟವರಿನ ಒಂದು ಸಿಗ್ನಲ್ ಮಾತ್ರ ಹೇಳುತ್ತೆ. ಆದರೆ ಒಳಗೂ ಹೊರಗೂ ಹೋಲಿಸೋಕೆ ಸಾಕು.

ಗೋಕಾಕದ ನಮ್ಮ ಮಾಳಿಗೆ ಮೇಲೆ ಮೈನಸ್ 62. ಅಕ್ಕನ ಕೋಣೆಯೊಳಗೆ ಮೈನಸ್ 75. ಅಂದ್ರೆ ಯಾವ ಪೇಂಟೂ ಇಲ್ಲದೆ ಬರೀ ಇಟ್ಟಿಗೆ, ಕಾಂಕ್ರೀಟು ಸೇರಿಯೇ ಇಪ್ಪತ್ತು ಪಾಲಿನಲ್ಲಿ ಒಂದು ಪಾಲಿಗೆ ಇಳಿಸಿದ್ದವು.

ಮರುದಿನ ಬೈಕ್ ತಗೊಂಡು ಮೂಡಲಗಿಗೆ ಹೋದೆ. ಸೋದರಮಾವನ ಮನೆ ಹಳೇ ಕಾಲದ್ದು. ಎರಡು ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಕಟ್ಟೆ ಮೇಲೆ ಮೈನಸ್ 85 ಇದ್ದದ್ದು ನಡುಮನೆಗೆ ಹೋದರೆ ಮೈನಸ್ 111. ಮಾವನನ್ನು ಕೇಳಿದೆ, ಒಳಗೆ ಫೋನ್ ಹತ್ತುತ್ತಾ ಅಂತ. "ಒಳಗ ಯಾರ ಮಾತಾಡ್ತಾರ? ಒದರಿ ಒದರಿ ಗಂಟ್ಲ ಹರೀತೈತಿ. ಕಟ್ಟಿ ಮ್ಯಾಲನ ನಮ್ಮ ಟೆಲಿಫೋನ್ ಬೂತ್," ಅಂದ.

ಸಂಜೆ ಹುಕ್ಕೇರಿಗೆ, ಅಕ್ಕನ ಮನೆಗೆ. ಮೂರು ಗುಮ್ಮಟದ ಊರಲ್ಲಿ ಅವರದು ಹೊಸ ಆರ್‌ಸಿಸಿ ಮನೆ. ಕಿಟಕಿಗಳಿಗೆಲ್ಲ ಕನ್ನಡಿಯಂತೆ ಹೊಳೆಯೋ ಗಾಜು. ಆ ಹೊಳಪು ಬರೋದು ಗಾಜಿನ ಮೇಲಿನ ತೆಳು ಲೋಹದ ಲೇಪದಿಂದ. ಬಾಲ್ಕನಿಯಲ್ಲಿ ಮೈನಸ್ 88, ಕಿಟಕಿ ಮುಚ್ಚಿದ ಹಾಲ್‌ನಲ್ಲಿ ಮೈನಸ್ 110. ಹತ್ತಿರದಲ್ಲಿ ಟವರ್ ಇಲ್ಲ ಅಂತ ಅವ್ವ ನೆಮ್ಮದಿಯಾಗಿದ್ದ ಮನೆ ಇದು. ಅಕ್ಕ ಸೋಫಾ ಮೇಲೆ ಕೂತು, ಫೋನನ್ನು ಹೊಟ್ಟೆ ಮೇಲೆ ಇಟ್ಟುಕೊಂಡು ವಿಡಿಯೋ ಕಾಲ್‌ನಲ್ಲಿದ್ದಳು.

"ಈ ಫೋನ ಭಾಳ ಬಿಸಿ ಆಗ್ತೈತಿ ನೋಡೋ, ಮುಂಜಾನೆ ಚಾರ್ಜ್ ಮಾಡಿದ್ರ ಮಧ್ಯಾಹ್ನಕ್ಕ ಖಾಲಿ. ಬ್ಯಾಟ್ರಿ ಹ್ವಾದಂಗ ಐತಿ," ಅಂದಳು.

ಬ್ಯಾಟರಿ ಅದೊಂದೇ ಕಾರಣಕ್ಕೆ ಖಾಲಿಯಾಗುತ್ತಿತ್ತು ಅಂತ ನಾನು ಹೇಳಲಾರೆ. ಆದರೆ ಮಾವ ಕಟ್ಟೆಗೆ ಯಾಕೆ ಬರ್ತಾನೋ ಅದೇ ಕಾರಣಕ್ಕೆ ಅಕ್ಕನ ಫೋನೂ ಸುಸ್ತಾಗುತ್ತಿತ್ತು ಅನ್ನೋದು ನನಗೆ ಅಲ್ಲಿ ಹೊಳೀತು.

ಜಲಪಾತದ ಮುಂದೆ ಮಾತಾಡಿದ ಹಾಗೆ

ಫೋನ್ ಬರೀ ಕೇಳಿಸಿಕೊಳ್ಳೋ ಯಂತ್ರ ಅಲ್ಲ, ಟವರಿಗೆ ಉತ್ತರಾನೂ ಕೊಡಬೇಕು. ಟವರ್ ಚೆನ್ನಾಗಿ ಕೇಳಿಸಿದರೆ ಪಿಸುದನಿಯಲ್ಲಿ ಉತ್ತರ ಕೊಡುತ್ತೆ. ಕೇಳಿಸದಿದ್ದರೆ ಒದರುತ್ತೆ. ಆಗಸ್ಟ್‌ನಲ್ಲಿ ಘಟಪ್ರಭಾ ತುಂಬಿ ಹರಿವಾಗ ಗೋಕಾಕ ಜಲಪಾತದ ಎದುರು ನಿಂತು ಪಕ್ಕದವರ ಜೊತೆ ಮಾತಾಡಿದ್ದೀರಾ? ಗಂಟಲು ಕಿತ್ತು ಕೂಗಬೇಕು. ಫೋನಿನದೂ ಅದೇ ಪಾಡು. ಒಂದು 4ಜಿ ಫೋನ್ ಗರಿಷ್ಠ 0.2 ವ್ಯಾಟ್ ತನಕ ಬಿಡಬಲ್ಲದು. ಸಿಗ್ನಲ್ ಚೆನ್ನಾಗಿದ್ದರೆ ಅದರ ಸಾವಿರದ ಒಂದು ಪಾಲಿಗಿಂತಲೂ ಕೆಳಗೆ ಇಳಿಯುತ್ತೆ.

ಈಗ ಟವರಿನ ಲೆಕ್ಕ ನೋಡಿ. ಒಂದು ಆಂಟೆನಾಕ್ಕೆ 20 ವ್ಯಾಟ್ ಕೊಟ್ಟು, ಅದು ಒಂದೇ ದಿಕ್ಕಿಗೆ ಐವತ್ತು ಪಟ್ಟು ಕೇಂದ್ರೀಕರಿಸುತ್ತೆ ಅಂದುಕೊಂಡರೂ, ಐವತ್ತು ಮೀಟರ್ ದೂರದಲ್ಲಿ ಅದರ ನೇರ ದಾರಿಯಲ್ಲೇ ನಿಂತವರಿಗೆ ತಲುಪೋದು ಚದರ ಮೀಟರಿಗೆ ಸುಮಾರು 0.03 ವ್ಯಾಟ್. ಭಾರತ ಸರ್ಕಾರ 2012ರ ಸೆಪ್ಟೆಂಬರ್ 1ರಿಂದ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲಿಗೆ ಮಿತಿಯನ್ನು ಇಳಿಸಿತು. 900 ಮೆಗಾಹರ್ಟ್ಸ್‌ಗೆ ಅದು 0.45 ವ್ಯಾಟ್. ನಾಲ್ಕೈದು ಆಂಟೆನಾ ಕೂಡಿದರೂ ನನ್ನ ಲೆಕ್ಕ ಅದರೊಳಗೇ ನಿಲ್ಲುತ್ತೆ. ಅದೂ ಗೋಡೆ ಇಲ್ಲದೆ. ಇನ್ನು ಆಂಟೆನಾದ ಕಿರಣ ಹೋಗೋದು ದೂರದ ಕಡೆಗೆ, ಟಾರ್ಚಿನ ಬೆಳಕಿನ ಹಾಗೆ ಅಡ್ಡಡ್ಡ. ಬುಡದ ಮನೆಗಳಿಗೆ ಬೀಳೋದು ಅಂಚಿನ ಬೆಳಕಷ್ಟೇ. ದೀಪದ ಬುಡದಲ್ಲಿ ಕತ್ತಲೆ ಅನ್ನೋ ಗಾದೆ ಟವರಿಗೂ ಸಲ್ಲುತ್ತೆ.

ಅಂದ್ರೆ ನಮ್ಮ ಮೈಗೆ ಬೀಳೋ ಅಲೆಯಲ್ಲಿ ದೊಡ್ಡ ಪಾಲು ಕಿಟಕಿಯಾಚೆಯ ಟವರಿನದಲ್ಲ, ಕಿವಿಗೆ ಒತ್ತಿಕೊಂಡ, ಹೊಟ್ಟೆ ಮೇಲೆ ಇಟ್ಟುಕೊಂಡ ನಮ್ಮದೇ ಫೋನಿನದು. ಕೋಣೆಗೆ ಪೇಂಟ್ ಬಳಿದು, ಪರದೆ ಎಳೆದು ಟವರಿನ ದನಿ ತಡೆದರೆ ಒಳಗಿರೋ ಫೋನ್ ಒದರೋಕೆ ಶುರು ಮಾಡುತ್ತೆ. ಅದೂ ಲೋಹದ ಕೋಣೆಯೊಳಗೆ, ಮೈಗೆ ಅಂಟಿಕೊಂಡು. ನಲವತ್ತೆರಡು ಸಾವಿರ ಕೊಟ್ಟು ಅಕ್ಕನಿಗೆ ಹೆಚ್ಚು ಅಲೆ ತಾಗಿಸಿದ ಹಾಗೆ.

ಹಾಗಾದ್ರೆ ಭಯ ಪೂರಾ ಸುಳ್ಳಾ? ಇಲ್ಲಿ ಜಾಗ್ರತೆಯಿಂದ ಹೇಳಬೇಕು. ಮೈಕ್ರೋವೇವ್ ಎಕ್ಸ್‌ರೇ ಹಾಗೆ ಜೀವಕೋಶದ ಅಣುಗಳನ್ನು ಒಡೆಯೋ ಅಲೆ ಅಲ್ಲ. ಖಚಿತವಾಗಿ ಗೊತ್ತಿರೋ ಹಾನಿ ಅಂದ್ರೆ ಶಾಖ, ಅದು ಹೆಚ್ಚು ಶಕ್ತಿ ಇದ್ದಾಗ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ಈ ಅಲೆಗಳನ್ನು "ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು" ಅನ್ನೋ 2ಬಿ ಗುಂಪಿಗೆ ಸೇರಿಸಿದ್ದು ನಿಜ. ಏಷ್ಯಾದ ಸಾಂಪ್ರದಾಯಿಕ ಉಪ್ಪು ಹಾಕಿಟ್ಟ ತರಕಾರಿ, ಲೋಳೆಸರದ ಇಡೀ ಎಲೆಯ ಸಾರ ಕೂಡ ಅದೇ ಗುಂಪಿನಲ್ಲಿವೆ. ಪುರಾವೆ ಸಾಲದು, ಆದರೆ ಕೈಬಿಡೋ ಹಾಗೂ ಇಲ್ಲ ಅನ್ನೋ ಗುಂಪು ಅದು. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ದೊಡ್ಡ ಪರಾಮರ್ಶೆಯೊಂದು 2024ರಲ್ಲಿ ಪ್ರಕಟವಾಯ್ತು. ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ನಂಟು ಅದರಲ್ಲಿ ಕಂಡುಬರಲಿಲ್ಲ.

ಅವ್ವನ ಪ್ರಶ್ನೆ

ಇದನ್ನೆಲ್ಲ ರಾತ್ರಿ ಊಟದ ಹೊತ್ತಿಗೆ ಹೇಳಿದೆ. ಅವ್ವ ಕೇಳಿಸಿಕೊಂಡಳು, ಒಪ್ಪಿದಳು ಅಂತ ಅನ್ನಿಸಲಿಲ್ಲ. ಅಪ್ಪ ಮಾತ್ರ ಒಂದು ಮಾತು ಅಂದರು. "2019ರ ಮಹಾಪೂರ ನೆನಪೈತೇನ? ಲೋಳಸೂರ ಬ್ರಿಜ್ ಮುಳುಗಿತ್ತು. ಎರಡ ದಿನ ಟವರ್ ಸತ್ತಿತ್ತು."

ನೆನಪಿಲ್ಲದೆ ಏನು. ಟಿ.ವಿ.ಯಲ್ಲಿ ಗೋಕಾಕದ ನೀರು ನೋಡ್ತಾ ನಾನು ಬೆಂಗಳೂರಿನ ರೂಮಿನಲ್ಲಿ ಎರಡು ದಿನ ಈ ಇಬ್ಬರಿಗೆ ಫೋನ್ ಹಚ್ಚಿದ್ದೇ ಹಚ್ಚಿದ್ದು. ಆಗಸ್ಟ್ ತಿಂಗಳ ಆ ಎರಡು ರಾತ್ರಿ ನಾನು ನಿದ್ದೆ ಮಾಡಿಲ್ಲ. ಅವ್ವ ಅದಕ್ಕೂ ಏನೂ ಅನ್ನಲಿಲ್ಲ.

ಮರುದಿನ ಬೆಳಗ್ಗೆ ಆ ಮಾರಾಟದವನು ಬಂದ. ಅಡ್ವಾನ್ಸ್ ತಗೊಂಡು ಹೋಗೋಕೆ. ನಾನು ಮಾತಾಡಬೇಕು ಅಂತ ಎದ್ದೆ. ಅವ್ವ ಕೈಸನ್ನೆ ಮಾಡಿ ಕೂರಿಸಿ, ತಾನೇ ಕೇಳಿದಳು.

"ಅಲ್ಲಪಾ, ಈ ಪೇಂಟು, ಪರದಿ ಎಲ್ಲಾ ಹಾಕಿದ ಮ್ಯಾಲ ಕೋಲಿ ಒಳಗ ಫೋನ್ ಹತ್ತತೈತೇನ?"

"ಹತ್ತತೈತ್ರಿ ಅವ್ವಾರ, ಫುಲ್ ರೇಂಜ್ ಬರ್ತೈತಿ. ಏನೂ ತ್ರಾಸ್ ಆಗಂಗಿಲ್ರಿ."

"ಹಂಗಾರ ಅದು ಏನ ತಡೀತಪಾ?"

ಅವನು ಒಳ್ಳೆಯ ಕಿರಣ ಒಳಗೆ ಬಿಡುತ್ತೆ, ಕೆಟ್ಟದ್ದನ್ನು ತಡೆಯುತ್ತೆ ಅಂತ ಏನೋ ಶುರು ಮಾಡಿದ. ಅವ್ವ, "ಫಾಯಿಲ್ ಸುತ್ತಿದ್ರ ಹತ್ತಲೇ ಇಲ್ಲ, ನಾನ ನೋಡೇನಿ. ಚಾ ಕುಡದ ಹೋಗು," ಅಂದಳು. ಪಾಪ, ಚಹಾ ಕುಡಿದೇ ಹೋದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಇಪ್ಪತ್ತೆರಡು ವರ್ಷದ ಹುಡುಗ, ಯಾರೋ ಕೊಟ್ಟ ಬ್ಯಾಗು, ಯಾರೋ ಹೇಳಿಕೊಟ್ಟ ಮಾತು.

ಫೋನಿನ ಹಿಂದೆ ಹಚ್ಚೋ ಸ್ಟಿಕ್ಕರಿಗೂ ಇದೇ ಪ್ರಶ್ನೆ ಸಾಕು. ನಿಜವಾಗಿ ತಡೆದರೆ ಫೋನ್ ನಡೆಯಬಾರದು. ಫೋನ್ ಮೊದಲಿನ ಹಾಗೇ ನಡೆದರೆ ಅದು ತಡೆದಿಲ್ಲ.

ಹಾಗಂತ ತಡೆವಸ್ತುಗಳೇ ಬೇಡ ಅಂತಲ್ಲ. ಆಸ್ಪತ್ರೆಯ ಎಂಆರ್‌ಐ ಕೋಣೆಗೆ ಸುತ್ತಲೂ ತಾಮ್ರದ ಹೊದಿಕೆ ಇರುತ್ತೆ. ಹೊರಗಿನ ರೇಡಿಯೋ ಅಲೆ ಒಳಗೆ ಬಂದರೆ ಚಿತ್ರ ಕೆಡುತ್ತೆ ಅಂತ. ರೇಡಾರ್ ಪರೀಕ್ಷಿಸೋ ಕೋಣೆಗಳ ಗೋಡೆ ತುಂಬಾ ಇಂಗಾಲ ಬೆರೆಸಿದ ಸ್ಪಂಜಿನ ಮೊನಚು ಗೋಪುರಗಳಿರ್ತವೆ. ಅಲ್ಲಿ ಬಾಗಿಲ ಅಂಚಿಗೂ ಲೋಹದ ಪಟ್ಟಿ ಒತ್ತಿ ಕೂರಿಸಿ, ಒಂದು ಸಂದೂ ಬಿಡದೆ, ಅಳತೆ ಮಾಡಿ ಒಪ್ಪಿಸ್ತಾರೆ. ಎರಡು ಗೋಡೆಗೆ ಬಳಿದು ಉಳಿದೆರಡನ್ನು ಬಿಡೋ ಕೆಲಸ ಅಲ್ಲ ಅದು.

ನಾವು ಮಾಡಿದ್ದು

ಅವ್ವನ ಅನುಮಾನ ಪೂರಾ ಹೋಗಲಿ ಅಂತ ದೂರಸಂಪರ್ಕ ಇಲಾಖೆಯ "ತರಂಗ್ ಸಂಚಾರ್" ತಾಣ ತೋರಿಸಿದೆ. 2017ರಲ್ಲಿ ಶುರುವಾದದ್ದು. ನಮ್ಮ ಊರಿನ ಟವರುಗಳು ನಕ್ಷೆಯಲ್ಲಿ ಕಾಣ್ತವೆ, ಮಿತಿಯೊಳಗೆ ಇವೆಯಾ ಅಂತ ನೋಡಬಹುದು. ನಂಬಿಕೆ ಬರದಿದ್ದರೆ ನಾಲ್ಕು ಸಾವಿರ ರೂಪಾಯಿ ಶುಲ್ಕ ಕಟ್ಟಿ ಮನೆಯ ಹತ್ತಿರ ಅಳತೆ ಮಾಡಿಸೋಕೂ ಅಲ್ಲಿ ಅವಕಾಶ ಇಟ್ಟಿದ್ದಾರೆ. ಟವರ್ ಬಗ್ಗೆ ನಿಜವಾದ ಸಂಶಯ ಇರೋರು ಪೇಂಟಿಗಿಂತ ಮೊದಲು ಇದನ್ನು ಮಾಡಲಿ. ಅಪ್ಪ ಫೋನಿನಲ್ಲಿ *#07# ಒತ್ತಿ ತಮ್ಮ ಫೋನಿನ ಎಸ್‌ಎಆರ್ ನೋಡಿಕೊಂಡರು. ದೇಹ ಹೀರಿಕೊಳ್ಳೋ ಶಕ್ತಿಯ ಆ ಅಳತೆ ನಮ್ಮಲ್ಲಿ ಕಿಲೋಗೆ 1.6 ವ್ಯಾಟ್ ದಾಟಬಾರದು.

ಅಕ್ಕನಿಗೆ ಎರಡೇ ಮಾತು ಹೇಳಿದೆ. ಫೋನ್ ಹೊಟ್ಟೆ ಮೇಲೆ ಬೇಡ, ಕಿಟಕಿ ಹತ್ತಿರದ ಮೇಜಿನ ಮೇಲಿಟ್ಟು ಸ್ಪೀಕರ್‌ನಲ್ಲಿ ಮಾತಾಡು. ಸಿಗ್ನಲ್ ಕಡ್ಡಿ ಒಂದೇ ಇದ್ದಾಗ ಉದ್ದ ಹರಟೆ ಬೇಡ. ಇದಕ್ಕೆ ಖರ್ಚಿಲ್ಲ.

ಜುಲೈನಲ್ಲಿ ಅವಳನ್ನು ತಪಾಸಣೆಗೆ ಕರೆದುಕೊಂಡು ಹೋದಾಗ ಅವ್ವ ಟವರಿನ ವಿಷಯ ಡಾಕ್ಟರಿಗೂ ಕೇಳಿದಳಂತೆ. ಡಾಕ್ಟರಮ್ಮ ರಿಪೋರ್ಟ್ ತಿರುಗಿಸಿ ತೋರಿಸಿ, "ಟವರ್ ಇರಲಿ, ಇಲ್ಲಿ ನೋಡ್ರಿ. ಹಿಮೋಗ್ಲೋಬಿನ್ ಎಂಟೂವರಿ ಐತಿ. ಮಾತ್ರೆ ಸರಿಯಾಗಿ ತಗೊಂಡಿಲ್ಲ ನಿಮ್ಮ ಮಗಳು," ಅಂದರಂತೆ. ಮಾತ್ರೆ ತಿಂದ್ರೆ ವಾಕರಿಕೆ ಬರುತ್ತೆ ಅಂತ ಅಕ್ಕ ಯಾರಿಗೂ ಹೇಳದೆ ಬಿಟ್ಟಿದ್ದಳು. ನಾವೆಲ್ಲ ಕಿಟಕಿಯಾಚೆ ನೋಡ್ತಾ ಕೂತಿದ್ದೆವು. ಆಮೇಲೆ ಡಾಕ್ಟರಮ್ಮ ಕಬ್ಬಿಣದ ಇಂಜೆಕ್ಷನ್ ಕೊಟ್ಟರು. ಅವ್ವ ದಿನಾ ಎದುರು ನಿಂತು ಊಟ ಮಾಡಿಸಿದಳು. ನಾನು ಕಳಿಸಿದ ದುಡ್ಡಿನಲ್ಲಿ ಆಸ್ಪತ್ರೆ ಖರ್ಚು ಹೋಗಿ ಉಳಿದದ್ದಕ್ಕೆ ಉತ್ತತ್ತಿ, ಕೊಬ್ಬರಿ, ಅಂಟು ಬಂತು. ಬಾಣಂತಿ ಕೋಣೆಯ ಕಿಟಕಿಗೆ ಪರದೆ ಬದಲು ಸೊಳ್ಳೆ ಜಾಲರಿ ಬಂತು, ನೈಲಾನಿನದು.

ಸೆಪ್ಟೆಂಬರ್‌ನ ಒಂದು ರಾತ್ರಿ ಎರಡೂವರೆಗೆ ಅಕ್ಕನಿಗೆ ನೋವು ಶುರುವಾಯ್ತು. ಅಪ್ಪ ಅದೇ ಕೋಣೆಯೊಳಗೆ ನಿಂತು 108ಕ್ಕೆ ಫೋನ್ ಹಚ್ಚಿದರು. ಒಂದೇ ಸಲಕ್ಕೆ ಹತ್ತಿತು. ಬೆಳಗ್ಗೆ ಆರಕ್ಕೆ ನನಗೆ ಫೋನ್ ಬಂತು, ಹೆಣ್ಣುಮಗು, ತಾಯಿ ಮಗು ಇಬ್ಬರೂ ಗಟ್ಟಿ.

ಈಗ ನಮ್ಮ ಮನೆಯಲ್ಲಿ ಫೋನುಗಳೆಲ್ಲ ನಡುಮನೆಯ ಗೂಡಿನಲ್ಲಿ ಇರ್ತವೆ. ಕೂಸಿನ ಕೋಣೆಗೆ ಪ್ರವೇಶ ಇಲ್ಲ. ಅದು ಅಲೆಯ ಭಯಕ್ಕಲ್ಲ, ರಿಂಗಿಗೆ ಕೂಸು ಏಳುತ್ತೆ ಅಂತ ಅವ್ವ ಹಾಕಿದ ಕಟ್ಟಳೆ. ನಾನು ಸೊಸೆಯನ್ನು ನೋಡಬೇಕು ಅಂದ್ರೆ ಅವಳನ್ನೇ ಹೊರಗೆ ಎತ್ತಿಕೊಂಡು ಬರಬೇಕು.